ವಾಟ್ಸಾಪ್ ಬಿಡದೇನೇ ಪ್ರೈವಸಿ ಉಳಿಸ್ಕೊಳ್ಳೋದು ಹೇಗೆ: ಫ್ಯಾಮಿಲಿ ಗ್ರೂಪಿಂದ ಎಕ್ಸಿಟ್ ಆಗೋ ಮುಂಚೆ ಓದಿ

ಆಗಾಗ ಒಂದು ಸುದ್ದಿ ಬರುತ್ತೆ, ವಾಟ್ಸಾಪ್ ನಮ್ಮ ಡೇಟಾ ಹಂಗ್ ತಗೊಳ್ತಿದೆ ಹಿಂಗ್ ತಗೊಳ್ತಿದೆ ಅಂತ, ಆವಾಗ ಮನೇಲಿ ಯಾರಾದ್ರೂ ಒಬ್ರು (ಸಾಮಾನ್ಯವಾಗಿ ಐಟಿಲಿರೋ ಮಗ, ಇಲ್ಲಾಂದ್ರೆ ಅಳಿಯ) ಗ್ರೂಪಲ್ಲಿ ಸಿಗ್ನಲ್ ಅನ್ನೋ ಇನ್ನೊಂದು ಚಾಟ್ ಆಪಿನ ಲಿಂಕ್ ಹಾಕಿ "ಎಲ್ರೂ ಇಲ್ಲಿಗೆ ಬನ್ನಿ" ಅಂತಾರೆ. 2021ರ ಜನವರಿಲಿ ಇದು ದೊಡ್ಡ ಮಟ್ಟದಲ್ಲೇ ನಡೀತು, ಹೊಸ ಪಾಲಿಸಿ ಒಪ್ಕೊಳ್ಳಿ ಅಂತ ಎಲ್ರ ಫೋನಿಗೂ ನೋಟಿಸ್ ಬಂತು, ಫೆಬ್ರವರಿ 8 ಕೊನೇ ದಿನ ಅಂದ್ರು, ಗಲಾಟೆ ಜೋರಾದ್ಮೇಲೆ ಅದನ್ನ ಮೇ 15ಕ್ಕೆ ತಳ್ಳಿದ್ರು, ಅಷ್ಟರೊಳಗೆ ಅರ್ಧ ಫ್ರೆಂಡ್ಸು ಸಿಗ್ನಲ್ ಹಾಕ್ಕೊಂಡಿದ್ರು. ಆಮೇಲೆ ಏನಾಯ್ತು ಗೊತ್ತಲ್ಲ, ನಿಧಾನಕ್ಕೆ ಒಬ್ಬೊಬ್ರೇ ವಾಪಸ್. ಯಾಕಂದ್ರೆ ಮಗು ಸ್ಕೂಲ್ ಗ್ರೂಪು, ಅಪಾರ್ಟ್‌ಮೆಂಟ್ ನೀರಿನ ಟ್ಯಾಂಕರ್ ಗ್ರೂಪು, ಊರಿನ ದೇವಸ್ಥಾನದ ಜಾತ್ರೆ ಗ್ರೂಪು, ದೊಡ್ಡಮ್ಮ, ಚಿಕ್ಕಪ್ಪ ಎಲ್ರೂ ಇರೋದು ಇಲ್ಲೇ.

ಅದಕ್ಕೇ ನಾನು ಹೇಳೋದು, ಎಲ್ರನ್ನೂ ಎಳ್ಕೊಂಡು ಬೇರೆ ಆಪಿಗೆ ಹೋಗೋ ಹಠ ಬಿಡಿ, ಜನ ಎಲ್ಲಿದ್ದಾರೋ ಅಲ್ಲೇ ಇರ್ಲಿ, ಅಲ್ಲೇ ಬಿಗಿ ಮಾಡೋದನ್ನ ಬಿಗಿ ಮಾಡಿ, ನಿಜವಾಗ್ಲೂ ಖಾಸಗಿಯಾಗಿರ್ಬೇಕಾದ ಮಾತಿಗೆ ಮಾತ್ರ ಒಂದು ಸಣ್ಣ ಬೇರೆ ದಾರಿ ಇಟ್ಕೊಳ್ಳಿ. ಮನೆ ಮಟ್ಟಿಗೆ ನೋಡಿದ್ರೆ ಗುಟ್ಟು ಹೊರಗೆ ಹೋಗೋದು ಆಪಿಂದಕ್ಕಿಂತ ಜಾಸ್ತಿ ನಮ್ಮ ಫಾರ್ವರ್ಡ್‌ಗಳಿಂದ, ಬ್ಯಾಕಪ್‌ನಿಂದ, ಲಾಕ್ ಇಲ್ದಿರೋ ಫೋನಿಂದ, ಇನ್ನೂರು ಜನ ಇರೋ ಗ್ರೂಪಿಗೆ ಆಧಾರ್ ಫೋಟೋ ಹಾಕೋದ್ರಿಂದ.

ಏನು ಕಾಣುತ್ತೆ, ಏನು ಕಾಣಲ್ಲ

ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಅಂತ ಚಾಟ್ ಮೇಲ್ಗಡೆ ಹಳದಿ ಪಟ್ಟಿಲಿ ಬರ್ದಿರುತ್ತಲ್ಲ, ಅದು ಸುಳ್ಳಲ್ಲ. 2016ರ ಏಪ್ರಿಲ್‌ನಿಂದ ವಾಟ್ಸಾಪಲ್ಲಿ ಮೆಸೇಜು, ಫೋಟೋ, ಕಾಲು, ಗ್ರೂಪು ಎಲ್ಲದಕ್ಕೂ ಅದು ಇದೆ, ತಮಾಷೆ ಅಂದ್ರೆ ಅದ್ರೊಳಗಿರೋ ತಂತ್ರಜ್ಞಾನ ಸಿಗ್ನಲ್ ಅವ್ರದ್ದೇ. ಅಂದ್ರೆ ನೀವು ಅಕ್ಕಂಗೆ ಕಳ್ಸಿದ ಮೆಸೇಜು ನಿಮ್ಮ ಫೋನಲ್ಲಿ ಗೂಢಲಿಪಿಯಾಗಿ ಅಕ್ಕನ ಫೋನಲ್ಲೇ ಬಿಡಿಸ್ಕೊಳ್ಳುತ್ತೆ, ನಡುವೆ ಸರ್ವರ್ ಇಟ್ಕೊಂಡಿರೋ ಮೆಟಾ ಕಂಪನಿಗೆ (ವಾಟ್ಸಾಪು, ಫೇಸ್‌ಬುಕ್ಕು ಎರಡೂ ಇವ್ರದ್ದೇ) ಅದು ಓದಕ್ಕಾಗಲ್ಲ.

ಆದ್ರೆ ಇನ್ಲ್ಯಾಂಡ್ ಲೆಟರ್ ಬರೀತಿದ್ದ ಕಾಲ ನೆನಪಿದ್ರೆ ಅರ್ಥ ಆಗುತ್ತೆ, ಒಳಗಿರೋದು ಪೋಸ್ಟ್‌ಮ್ಯಾನ್‌ಗೆ ಗೊತ್ತಾಗ್ತಿರ್ಲಿಲ್ಲ, ಯಾರಿಂದ ಯಾರಿಗೆ ಎಷ್ಟು ದಿನಕ್ಕೊಂದು ಕಾಗ್ದ ಹೋಗ್ತಿದೆ ಅನ್ನೋದು ಮಾತ್ರ ಚೆನ್ನಾಗೇ ಗೊತ್ತಿರ್ತಿತ್ತು. ಇಲ್ಲೂ ಅಷ್ಟೇ. ನಿಮ್ಮ ನಂಬರು, ಅಪ್‌ಲೋಡ್ ಮಾಡಿರೋ ಕಾಂಟ್ಯಾಕ್ಟ್ ಲಿಸ್ಟು, ಯಾವ ಫೋನು, ಯಾವ ಐಪಿ ಅಡ್ರೆಸ್ಸು (ಇಂಟರ್ನೆಟ್ಟಲ್ಲಿ ನಿಮ್ಮ ಕನೆಕ್ಷನ್‌ನ ವಿಳಾಸ), ಯಾವಾಗ ಆನ್‌ಲೈನ್ ಬಂದ್ರಿ, ಯಾವ ಗ್ರೂಪಲ್ಲಿದ್ದೀರ, ಗ್ರೂಪಿನ ಹೆಸ್ರು, ಡಿಪಿ, ಇವೆಲ್ಲ ಎನ್‌ಕ್ರಿಪ್ಷನ್ ಒಳಗೆ ಬರಲ್ಲ. ಇನ್ನೂ ಎರಡು ಜಾಗ ಇದೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಯಾರಾದ್ರೂ ನಿಮ್ಮ ಚಾಟ್‌ನ ರಿಪೋರ್ಟ್ ಮಾಡಿದ್ರೆ ಕೊನೇ ಐದು ಮೆಸೇಜು ವಾಟ್ಸಾಪಿಗೆ ಹೋಗುತ್ತೆ, ನಿಮ್ಗೆ ತಿಳಿಸಲ್ಲ. ಮತ್ತೆ ಗ್ರೂಪಲ್ಲಿ ಯಾರಾದ್ರೂ ಮೆಟಾ ಎಐನ ಟ್ಯಾಗ್ ಮಾಡಿ ಪ್ರಶ್ನೆ ಕೇಳಿದ್ರೆ ಆ ಮೆಸೇಜ್ ಮೆಟಾಗೆ ಹೋಗುತ್ತೆ, ಸೋ ಅಪ್ಪನ ಬ್ಲಡ್ ರಿಪೋರ್ಟ್ ಹಾಕಿ "ಇದ್ರ ಅರ್ಥ ಏನು" ಅಂತ ಅದನ್ನ ಕೇಳೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ.

ಬ್ಯಾಕಪ್, ಎಲ್ರೂ ಮರೆಯೋ ಜಾಗ

ನನ್ನ ಪ್ರಕಾರ ಇಡೀ ವಿಷ್ಯದಲ್ಲಿ ಇದೇ ಮುಖ್ಯ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಆಂಡ್ರಾಯ್ಡ್ ಫೋನಲ್ಲಿ ಹೊಸ್ದಾಗಿ ವಾಟ್ಸಾಪ್ ಹಾಕಿದಾಗ ಗೂಗಲ್ ಅಕೌಂಟಿಗೆ ಬ್ಯಾಕಪ್ ತಗೊಳ್ಲಾ ಅಂತ ಕೇಳುತ್ತೆ, ಎಲ್ರೂ ಹೂಂ ಅಂತೀವಿ, ಐಫೋನಲ್ಲಿ ಐಕ್ಲೌಡಿಗೆ ಹೋಗುತ್ತೆ. ಕಳ್ಸೋವಾಗ ಇದ್ದ ಎಂಡ್ ಟು ಎಂಡ್ ರಕ್ಷಣೆ ಈ ಬ್ಯಾಕಪ್‌ಗೆ ತಾನಾಗೇ ಬರಲ್ಲ, ನೀವೇ ಆನ್ ಮಾಡ್ಬೇಕು. ಈ ಆಯ್ಕೆ 2021ರ ಕೊನೇಲೇ ಬಂತು, ಆದ್ರೂ ಬಹಳಷ್ಟು ಫೋನಲ್ಲಿ ಇವತ್ತಿಗೂ ಆಫೇ ಇರುತ್ತೆ. ಅಂದ್ರೆ ನಿಮ್ಮ ಜಿಮೇಲ್ ಪಾಸ್‌ವರ್ಡ್ ಗೊತ್ತಿರೋನಿಗೆ ನಿಮ್ಮ ಚಾಟ್ ಹಿಸ್ಟ್ರಿ ಕಡೆ ಒಂದು ದಾರಿ ತೆರೆದಂಗೇ.

ಮಾಡೋದು ಹಿಂಗೆ: ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅಲ್ಲಿ ಕೆಳ್ಗಡೆ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಅಂತಿರುತ್ತೆ, ಟರ್ನ್ ಆನ್. ಒಂದು ಪಾಸ್‌ವರ್ಡ್ ಇಡಿ ಅನ್ನುತ್ತೆ, ಇಲ್ಲಾಂದ್ರೆ 64 ಅಂಕಿ ಅಕ್ಷರದ ಕೀ ಕೊಡುತ್ತೆ, ಹೊಸ ವರ್ಷನ್‌ಗಳಲ್ಲಿ ಬೆರಳಚ್ಚು ಅಥವಾ ಮುಖ ತೋರ್ಸೋ ಪಾಸ್‌ಕೀನೂ ಬಂದಿದೆ. ಅಪ್ಪ ಅಮ್ಮಂಗೆ ಮಾಡಿಕೊಡೋದಾದ್ರೆ ಪಾಸ್‌ವರ್ಡೇ ಸರಿ. ಆ ಪಾಸ್‌ವರ್ಡ್ ಮರೆತ್ರೆ ಬ್ಯಾಕಪ್ ಹೋಯ್ತು ಅಂತಾನೇ ಲೆಕ್ಕ, ವಾಟ್ಸಾಪ್‌ನವ್ರಿಗೂ ತೆಗೆಯಕ್ಕಾಗಲ್ಲ, ಗೂಗಲ್‌ಗೂ ಆಗಲ್ಲ, ಅದೇ ತಾನೆ ಅದ್ರ ಉದ್ದೇಶ. ಹಂಗಾಗಿ ಅದನ್ನ ಫೋನಿನ ನೋಟ್ಸಲ್ಲಿ ಬರೀಬೇಡಿ, ಮನೇಲಿ ಎಲ್‌ಐಸಿ ಪಾಲಿಸಿ ನಂಬರು, ಎಫ್‌ಡಿ ಡೇಟು ಬರ್ದಿಡೋ ಒಂದು ಹಳೇ ಡೈರಿ ಇದ್ದೇ ಇರುತ್ತಲ್ಲ ಬೀರುವಿನಲ್ಲಿ, ಅದ್ರಲ್ಲಿ ಪೆನ್ನಲ್ಲಿ ಬರೀರಿ. ಅಮ್ಮಂಗೆ ತೋರ್ಸಿ ಬರೀರಿ, ಆಮೇಲೆ "ಇದೇನೋ ಇದು ಇಂಗ್ಲಿಷಲ್ಲಿ" ಅಂತ ಆ ಹಾಳೆ ಹರಿಯದೆ ಇರ್ಲಿ.

ಒಂದು ತೊಡಕಿದೆ, ನಿಮ್ಮ ಬ್ಯಾಕಪ್ ನೀವು ಭದ್ರ ಮಾಡಿದ್ರೂ ಅದೇ ಚಾಟ್‌ನ ಇನ್ನೊಂದು ಕಡೇಲಿರೋ ಫ್ರೆಂಡು ಮಾಡಿಲ್ಲಾಂದ್ರೆ ಅವ್ನ ಬ್ಯಾಕಪ್‌ನಲ್ಲಿ ನಿಮ್ಮ ಮಾತು ಹಂಗೇ ಇರುತ್ತೆ. ಅದಕ್ಕೇ ಇದನ್ನ ಒಬ್ರೇ ಮಾಡಿ ಸುಮ್ನಾಗೋ ಬದ್ಲು ಮನೇಲಿ ಇರೋರದ್ದೆಲ್ಲ ಒಂದೇ ಸಲ ಮಾಡ್ಬಿಡಿ, ಹಬ್ಬಕ್ಕೆ ಎಲ್ರೂ ಸೇರಿದಾಗ ಊಟ ಆದ್ಮೇಲೆ ಫೋನ್ ಇಸ್ಕೊಂಡ್ರೆ ಯಾರೂ ಬೇಡ ಅನ್ನಲ್ಲ.

ಹಬ್ಬದ ದಿನ ಫೋನ್ ಇಸ್ಕೊಂಡಾಗ ಇನ್ನೇನ್ ಮಾಡ್ಬೇಕು

ಟೂ ಸ್ಟೆಪ್ ವೆರಿಫಿಕೇಶನ್ ಮೊದ್ಲು. ಸೆಟ್ಟಿಂಗ್ಸ್‌ನ ಅಕೌಂಟ್ ಒಳಗಿದೆ, ಆರು ಅಂಕಿ ಪಿನ್. ಇದಿದ್ರೆ ಯಾರಾದ್ರೂ ಅಮ್ಮನ ಹತ್ರ ಓಟಿಪಿ ಹೊಡ್ಕೊಂಡ್ರೂ ಅಕೌಂಟ್ ಸುಲಭಕ್ಕೆ ಹೋಗಲ್ಲ. ಪಿನ್‌ಗೆ ಹುಟ್ಟಿದ ದಿನ ಹಾಕ್ಬೇಡಿ, ಮದುವೆ ದಿನಾನೂ ಬೇಡ, ಎರಡೂ ಫೇಸ್‌ಬುಕ್ಕಲ್ಲಿ ಎಲ್ರೂ ವಿಶ್ ಮಾಡಿರ್ತಾರೆ. ಜೊತೆಗೆ ಇಮೇಲ್ ಕೇಳುತ್ತೆ, ಕೊಡಿ, ಪಿನ್ ಮರೆತಾಗ ಕೈ ಹಿಡಿಯೋದು ಅದೇ.

ಆಮೇಲೆ ಲಿಂಕ್ಡ್ ಡಿವೈಸಸ್ ನೋಡಿ. ಒಂದು ಫೋನಿಗೆ ನಾಲ್ಕು ಡಿವೈಸ್ ಲಿಂಕ್ ಮಾಡ್ಬಹುದು, ಸೈಬರ್ ಸೆಂಟರಲ್ಲಿ ಪ್ರಿಂಟ್ ತಗೊಳ್ಳಕ್ಕೆ ಅಂತ ಒಂದ್ಸಲ ಸ್ಕ್ಯಾನ್ ಮಾಡಿದ ವಾಟ್ಸಾಪ್ ವೆಬ್ಬು ಅಲ್ಲೇ ಓಪನ್ ಇರೋದು ನಮ್ಮಲ್ಲಿ ತುಂಬಾ ಕಾಮನ್ನು. ಗೊತ್ತಿಲ್ದಿರೋ ಕ್ರೋಮೋ ವಿಂಡೋಸೋ ಕಂಡ್ರೆ ಮುಲಾಜಿಲ್ದೆ ಲಾಗೌಟ್ ಮಾಡಿ. ಪ್ರಿಂಟ್ ಬೇಕಾದ್ರೆ ಇನ್ಮೇಲೆ ಅಂಗಡಿಯವ್ರ ಇಮೇಲಿಗೆ ಆ ಒಂದು ಪಿಡಿಎಫ್ ಕಳ್ಸಿ, ಇಲ್ಲಾ ಪೆನ್‌ಡ್ರೈವ್ ಒಯ್ಯಿರಿ, ಇಡೀ ವಾಟ್ಸಾಪ್ ಬಿಚ್ಚಿಡೋ ಅಗತ್ಯ ಇಲ್ಲ.

ಪ್ರೈವಸಿ ಒಳಗೆ ಗ್ರೂಪ್ಸ್ ಅಂತಿದೆ, ಅಲ್ಲಿ ಎವ್ರಿವನ್ ಇದ್ರೆ ಮೈ ಕಾಂಟ್ಯಾಕ್ಟ್ಸ್ ಮಾಡಿ, ಷೇರು ಮಾರ್ಕೆಟ್ ಟಿಪ್ಸ್ ಗ್ರೂಪಿಗೆ ರಾತ್ರೋರಾತ್ರಿ ಯಾರೋ ಸೇರ್ಸೋದು ಅಲ್ಲಿಗೆ ನಿಲ್ಲುತ್ತೆ. ಡಿಪಿನೂ ಕಾಂಟ್ಯಾಕ್ಟ್ಸ್‌ಗೆ ಮಾತ್ರ, ವಿಶೇಷವಾಗಿ ಹೆಣ್ಮಕ್ಕಳ ಫೋನಲ್ಲಿ. ಕಾಲ್ಸ್ ಒಳಗಿರೋ ಸೈಲೆನ್ಸ್ ಅನ್‌ನೋನ್ ಕಾಲರ್ಸ್ ಆನ್ ಮಾಡಿ, +92, +84 ಅಂತೆಲ್ಲ ಬರೋ ಕಾಲು ರಿಂಗೇ ಆಗಲ್ಲ, ಲಿಸ್ಟಲ್ಲಿ ಮಾತ್ರ ಕಾಣುತ್ತೆ. ಅಡ್ವಾನ್ಸ್ಡ್ ಒಳಗೆ ಕಾಲ್‌ನಲ್ಲಿ ಐಪಿ ಅಡ್ರೆಸ್ ಮುಚ್ಚೋದು ಇದೆ, ಬೇಕಾದ್ರೆ ಆನ್ ಮಾಡಿ, ಕಾಲ್ ಕ್ವಾಲಿಟಿ ಸ್ವಲ್ಪ ಕಮ್ಮಿ ಆಗ್ಬಹುದು, ಮೊದ್ಲೇ ನೆಟ್‌ವರ್ಕ್ ಸರಿಯಿಲ್ದಿರೋ ಮಲೆನಾಡಿನ ಮನೆಗೆ ನಾನಂತೂ ಆನ್ ಮಾಡಲ್ಲ.

ಇನ್ನೊಂದು, ಗ್ಯಾಲರಿ. ಗ್ರೂಪಿಗೆ ಬಂದ ಫೋಟೋ ಎಲ್ಲ ತಾನಾಗೇ ಗ್ಯಾಲರಿಗೆ ಹೋಗಿ, ಅಲ್ಲಿಂದ ಗೂಗಲ್ ಫೋಟೋಸ್‌ಗೂ ಹೋಗ್ತಿರ್ಬಹುದು, ಮಗು ಯೂಟ್ಯೂಬ್ ನೋಡಕ್ಕೆ ಫೋನ್ ಇಸ್ಕೊಂಡಾಗ ನಿಮ್ಮ ಸ್ಕ್ಯಾನಿಂಗ್ ರಿಪೋರ್ಟು ಗುಡ್ ಮಾರ್ನಿಂಗ್ ಗುಲಾಬಿ ಪಕ್ಕದಲ್ಲೇ ಕೂತಿರುತ್ತೆ. ಚಾಟ್ಸ್ ಸೆಟ್ಟಿಂಗಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದ್ರೆ ಸಾಕು. ಸ್ಟೋರೇಜ್ ಫುಲ್ ಅಂತ ಅಪ್ಪ ಪದೇ ಪದೇ ಫೋನ್ ಮಾಡೋದೂ ಸ್ವಲ್ಪ ಕಮ್ಮಿ ಆಗುತ್ತೆ, ಅದು ಬೋನಸ್.

ಗ್ರೂಪಲ್ಲಿ ಹೆಂಗೆ ಹೇಳೋದು

ಸೆಟ್ಟಿಂಗ್ಸ್ ಎಲ್ಲ ಐದು ನಿಮಿಷದ ಕೆಲ್ಸ. ಕಷ್ಟ ಇರೋದು ಜನರ ಹತ್ರ. ಬಾಣಂತಿ ಮನೇಲಿ ಮಗು ಮುಖ ಸರಿಯಾಗಿ ಕಣ್ಬಿಡೋ ಮುಂಚೆ ಸೋದರತ್ತೆ ಫೋಟೋ ತೆಗೆದು ಸ್ಟೇಟಸ್ ಹಾಕಾಗಿರುತ್ತೆ, ಅದಕ್ಕೆ ನೂರೈವತ್ತು ಜನ ಕೈ ಮುಗಿದಿರ್ತಾರೆ, ಈಗ ಹೋಗಿ "ಅತ್ತೆ, ಡಿಲೀಟ್ ಮಾಡಿ" ಅಂದ್ರೆ ಮುಂದಿನ ನಾಮಕರಣದವರೆಗೂ ಮಾತಾಡಲ್ಲ.

ಇದಕ್ಕೆ ಎರಡು ಉಪಾಯ. ಒಂದು, ಮುಂಚೇನೇ ಹೇಳೋದು, ಅದೂ ಗ್ರೂಪಲ್ಲಿ ಬೇಡ, ಒಬ್ಬೊಬ್ರಿಗೆ ಫೋನ್ ಮಾಡಿ. ಹೇಳೋ ರೀತಿ ಹಿಂಗಿರ್ಲಿ: "ಅತ್ತೆ, ಮಗು ಫೋಟೋ ನಿಮ್ಗೇ ಮೊದ್ಲು ಕಳಿಸ್ತೀನಿ, ಆದ್ರೆ ಸ್ಟೇಟಸ್ಸಿಗೆ ಮಾತ್ರ ಹಾಕ್ಬೇಡಿ ಆಯ್ತಾ, ಇವ್ರಿಗೆ ಯಾಕೋ ಇಷ್ಟ ಇಲ್ಲ." ತಪ್ಪನ್ನ ಅಳಿಯನ ಮೇಲೆ ಹಾಕೋದು ನಮ್ಮ ಮನೆಗಳಲ್ಲಿ ಯಾವಾಗ್ಲೂ ನಡೆಯುತ್ತೆ. ದೃಷ್ಟಿ ಆಗುತ್ತೆ ಅಂದ್ರಂತೂ ಇನ್ನೂ ಸುಲಭ, ಡೇಟಾ ಪ್ರೈವಸಿ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ರೂ ಒಪ್ಪದೇ ಇರೋ ದೊಡ್ಡಮ್ಮ ದೃಷ್ಟಿ ಅಂದ ತಕ್ಷಣ ಫೋಟೋ ತೆಗೀತಾರೆ, ಕೆಲ್ಸ ಆಗೋದು ಮುಖ್ಯ.

ಎರಡನೇದು, ಗ್ರೂಪ್ ಒಡೆಯೋದು. ಅರವತ್ತು ಜನ ಇರೋ ದೊಡ್ಡ ಕುಟುಂಬದ ಗ್ರೂಪ್ ಇರ್ಲಿ, ಅಲ್ಲಿ ಹಬ್ಬದ ಶುಭಾಶಯ, ಮದುವೆ ಕರೆಯೋಲೆ, ಯಾರಾದ್ರೂ ತೀರ್ಕೊಂಡ ಸುದ್ದಿ, ಇಷ್ಟೇ. ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಮಾತ್ರ ಇರೋ ಇನ್ನೊಂದು ಗ್ರೂಪ್ ಮಾಡಿ, ಆಸ್ಪತ್ರೆ ವಿಷ್ಯ, ದುಡ್ಡಿನ ವಿಷ್ಯ, ಯಾರು ಯಾವಾಗ ಊರಿಗೆ ಬರ್ತಿದ್ದಾರೆ ಮನೆ ಎಷ್ಟು ದಿನ ಖಾಲಿ ಇರುತ್ತೆ ಅನ್ನೋದು, ಇದೆಲ್ಲ ಅಲ್ಲಿ. ಈ ಸಣ್ಣ ಗ್ರೂಪಿಗೆ ಡಿಸಪಿಯರಿಂಗ್ ಮೆಸೇಜ್ ಆನ್ ಮಾಡಿ, 24 ಗಂಟೆ, 7 ದಿನ, 90 ದಿನ ಅಂತಿದೆ, ಮನೆಯವ್ರಿಗೆ 90 ಸರಿ, 7 ದಿನ ಇಟ್ರೆ ಅಪ್ಪ ಅಡಿಕೆ ರೇಟು ಹುಡುಕ್ಕೊಂಡು ಕೂತ್ಕೋತಾರೆ. ಉಳಿಸ್ಕೊಳ್ಳೋ ಮೆಸೇಜ್‌ನ ಒತ್ತಿ ಹಿಡಿದು ಕೀಪ್ ಮಾಡ್ಬಹುದು. ಗ್ರೂಪ್ ಇನ್ಫೋದಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಅಂತ 2025ರಲ್ಲಿ ಬಂದಿದೆ, ಆನ್ ಮಾಡಿದ್ರೆ ಆ ಚಾಟ್‌ನ ಎಕ್ಸ್‌ಪೋರ್ಟ್ ಮಾಡಕ್ಕಾಗಲ್ಲ, ಫೋಟೋ ತಾನಾಗೇ ಸೇವ್ ಆಗಲ್ಲ. ಸ್ಕ್ರೀನ್‌ಶಾಟ್ ಹೊಡೆಯೋರನ್ನ ಇದು ಯಾವ್ದೂ ತಡೆಯಲ್ಲ, ಒಂದೇ ಸಲ ನೋಡಕ್ಕಾಗೋ ವ್ಯೂ ಒನ್ಸ್ ಫೋಟೋನೂ ಇನ್ನೊಂದು ಫೋನಲ್ಲಿ ಫೋಟೋ ತೆಗೀಬಹುದು, ಅದಕ್ಕೆ ಆಪಲ್ಲಿ ಮದ್ದಿಲ್ಲ.

ಆಧಾರ್ ಬಗ್ಗೆ ಒಂದ್ಮಾತು. ಟ್ರೈನ್ ಟಿಕೆಟ್ ಮಾಡ್ಸಕ್ಕೆ, ಛತ್ರ ಬುಕ್ ಮಾಡಕ್ಕೆ, ತಿರುಪತಿ ದರ್ಶನಕ್ಕೆ ಅಂತ ಎಲ್ರೂ ಆಧಾರ್ ಎರಡೂ ಕಡೆ ಫೋಟೋ ತೆಗೆದು ಗ್ರೂಪಿಗೇ ಹಾಕೋದು, ಒಬ್ರು ಹಾಕಿದ್ಮೇಲೆ ಸಾಲಾಗಿ ಎಲ್ರೂ. ಹೆಸ್ರು, ವಯಸ್ಸು, ನಂಬರ್ ಸಾಕಾಗಿದ್ರೆ ಟೈಪ್ ಮಾಡಿ ಆ ಬುಕ್ ಮಾಡೋ ಒಬ್ರಿಗೆ ಮಾತ್ರ ಕಳ್ಸಿ. ಕಾಪೀನೇ ಬೇಕು ಅಂದ್ರೆ ಆಧಾರ್ ಕೊಡೋ ಯುಐಡಿಎಐ ಸೈಟಲ್ಲಿ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಆಗುತ್ತೆ, ಮೊದಲ ಎಂಟು ಅಂಕಿ ಮುಚ್ಚಿ ಕೊನೇ ನಾಲ್ಕು ಮಾತ್ರ ಕಾಣುತ್ತೆ, ಎಲ್ಲ ಕಡೆ ಅಲ್ಲದಿದ್ರೂ ಬಹಳ ಕಡೆ ನಡೆಯುತ್ತೆ.

ಇಷ್ಟೆಲ್ಲ ಹೇಳಿದ್ಮೇಲೆ ಚಿಕ್ಕಪ್ಪ ಕೇಳೇ ಕೇಳ್ತಾರೆ, "ನಮ್ಮತ್ರ ಮುಚ್ಚಿಡಕ್ಕೆ ಏನಿದ್ಯೋ, ಕಳ್ಳತನ ಮಾಡಿದ್ದೀವಾ?" ಅಂತ. ಅವ್ರಿಗೆ ಇದನ್ನ ಹೇಳಿ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು ಯಾರ ಕೇಸಲ್ಲಿ ಗೊತ್ತಾ, ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿ ಜಡ್ಜ್ ಆಗಿ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿ ಅವ್ರದ್ದು, 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವ್ರಿಗೆ ಎಂಬತ್ತು ದಾಟಿತ್ತು. ಅವ್ರೇನು ಕಳ್ಳತನ ಮಾಡಿದ್ರಾ? ಚಿಕ್ಕಪ್ಪ ಸುಮ್ನಾಗ್ತಾರೆ ಅನ್ನೋ ಗ್ಯಾರಂಟಿ ಕೊಡಲ್ಲ, ವಿಷ್ಯ ಪಾಲಿಟಿಕ್ಸ್ ಕಡೆ ತಿರುಗೋ ಚಾನ್ಸೇ ಜಾಸ್ತಿ, ಆದ್ರೂ ಹೇಳಿ ನೋಡಿ.

ಸಿಗ್ನಲ್ ಯಾರಿಗೆ, ಎಷ್ಟಕ್ಕೆ

ನಾಲ್ಕೈದು ಜನಕ್ಕೆ. ಗಂಡ ಹೆಂಡ್ತಿ, ತುಂಬಾ ಹತ್ರದ ಫ್ರೆಂಡು, ಆಸ್ತಿ ಕೇಸ್ ನಡೀತಿದ್ರೆ ಅದ್ರ ಬಗ್ಗೆ ಮಾತಾಡೋ ಅಣ್ಣ. ಇಷ್ಟು ಜನ ಒಪ್ಪಿದ್ರೆ ಸಾಕು, ಉಳಿದೋರು ಎಲ್ಲಿದ್ದಾರೋ ಅಲ್ಲೇ ಇರ್ಲಿ.

ಯಾಕೆ ಸಿಗ್ನಲ್ಲೇ ಅಂದ್ರೆ ಅವ್ರ ಹತ್ರ ಕೊಡಕ್ಕೆ ಏನೂ ಇಲ್ಲ. 2016ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಂದು ಗ್ರ್ಯಾಂಡ್ ಜ್ಯೂರಿ (ಕೇಸ್ ಹಾಕ್ಬೇಕಾ ಬೇಡ್ವಾ ಅಂತ ನೋಡೋ ನಾಗರಿಕರ ಮಂಡಳಿ) ತನಿಖೆಗೆ ಎರಡು ಫೋನ್ ನಂಬರಿನ ವಿವರ ಕೊಡಿ ಅಂತ ಆದೇಶ ಬಂದಾಗ ಅವ್ರು ಕೊಡಕ್ಕಾಗಿದ್ದು ಅಕೌಂಟ್ ಶುರುವಾದ ಹೊತ್ತು, ಕೊನೇ ಸಲ ಕನೆಕ್ಟ್ ಆದ ದಿನ, ಎರಡೇ. ಜಾಹೀರಾತಿಲ್ಲ, ದೇಣಿಗೆ ಮೇಲೆ ನಡೆಯೋ ಸಂಸ್ಥೆ, 2018ರಲ್ಲಿ ಅದಕ್ಕೆ ಐದು ಕೋಟಿ ಡಾಲರ್ ಹಾಕಿ ಫೌಂಡೇಶನ್ ಮಾಡಿದೋರಲ್ಲಿ ಒಬ್ರು ಬ್ರಯಾನ್ ಆಕ್ಟನ್, ವಾಟ್ಸಾಪ್ ಕಟ್ಟಿ ಫೇಸ್‌ಬುಕ್‌ಗೆ ಮಾರಿದ ಇಬ್ರಲ್ಲಿ ಒಬ್ರು. ಮಾರಿದ ಮನೆ ಬಿಟ್ಟು ಬಂದು ಎದುರುಗಡೇನೇ ಇನ್ನೊಂದಕ್ಕೆ ದುಡ್ಡು ಹಾಕಿದ್ರು.

ಹಾಕ್ಕೊಂಡ ತಕ್ಷಣ ಪ್ರೈವಸಿಲಿ ಫೋನ್ ನಂಬರ್ ಅನ್ನೋ ಜಾಗಕ್ಕೆ ಹೋಗಿ, ನಂಬರ್ ಮೂಲಕ ಯಾರು ನಿಮ್ಮನ್ನ ಹುಡುಕ್ಬಹುದು ಅನ್ನೋದನ್ನ ನೋಬಡಿ ಮಾಡಿದ್ರೆ, ನಂಬರ್ ಗೊತ್ತಿರೋ ಮಾತ್ರಕ್ಕೆ ಯಾರೂ ನಿಮ್ಮನ್ನ ಅಲ್ಲಿ ಹುಡುಕಕ್ಕಾಗಲ್ಲ. 2024ರಿಂದ ಯೂಸರ್‌ನೇಮ್ ಇದೆ, ಓಎಲ್‌ಎಕ್ಸಲ್ಲಿ ಸೋಫಾ ಮಾರುವಾಗ ನಂಬರ್ ಬದ್ಲು ಅದನ್ನ ಕೊಡ್ಬಹುದು. ಅಕೌಂಟ್ ಮಾಡಕ್ಕೆ ಮಾತ್ರ ನಂಬರ್ ಬೇಕೇ ಬೇಕು. ಮತ್ತೆ ಬ್ಯಾಕಪ್ ನೀವಾಗೇ ಆನ್ ಮಾಡದಿದ್ರೆ ಫೋನ್ ಕಳೆದ್ರೆ ಹಳೇ ಚಾಟ್ ಹೋದಂಗೇ, ಇದನ್ನ ಸೇರೋರಿಗೆ ಮೊದ್ಲೇ ಹೇಳಿ, ಇಲ್ಲಾಂದ್ರೆ ಬೈಸ್ಕೊಳ್ಳೋದು ನೀವೇ.

ಟೆಲಿಗ್ರಾಂನ ಜನ ಭಾರೀ ಸೇಫ್ ಅನ್ಕೊಂಡಿದ್ದಾರೆ. ಕೆಪಿಎಸ್‌ಸಿ ನೋಟ್ಸಿಗೆ, ದೊಡ್ಡ ಫೈಲಿಗೆ ಚೆನ್ನಾಗಿದೆ, ಆದ್ರೆ ಅದ್ರ ಮಾಮೂಲಿ ಚಾಟು ಎಂಡ್ ಟು ಎಂಡ್ ಅಲ್ಲ, ಅವ್ರ ಸರ್ವರಲ್ಲಿರುತ್ತೆ, ಸೀಕ್ರೆಟ್ ಚಾಟ್ ಅಂತ ಬೇರೆ ಓಪನ್ ಮಾಡ್ಬೇಕು, ಅದೂ ಇಬ್ರ ನಡುವೆ ಮಾತ್ರ, ಗ್ರೂಪಿಗಿಲ್ಲ. 2025ರಲ್ಲಿ ಝೋಹೋದವ್ರ ಅರಟ್ಟೈ ಜೋರಾಗಿ ಓಡ್ತಲ್ಲ, ಎಲ್ರೂ ಡೌನ್‌ಲೋಡ್ ಮಾಡ್ತಿದ್ದ ಆ ಟೈಮಲ್ಲಿ ಕಾಲಿಗೆ ಎನ್‌ಕ್ರಿಪ್ಷನ್ ಇತ್ತು, ಮೆಸೇಜಿಗೆ ಇರ್ಲಿಲ್ಲ. ನಮ್ಮ ದೇಶದ್ದು ಅನ್ನೋದು ಖುಷಿನೇ, ಆದ್ರೆ ಯಾವ ಆಪ್ ಆದ್ರೂ ಚಾಟಿಗೆ, ಗ್ರೂಪಿಗೆ, ಬ್ಯಾಕಪ್ಪಿಗೆ ಬೇರೆ ಬೇರೆಯಾಗಿ ಎನ್‌ಕ್ರಿಪ್ಷನ್ ಇದ್ಯಾ ಅಂತ ನೋಡ್ಕೊಂಡೇ ಮನೆಯವ್ರನ್ನ ಕರ್ಕೊಂಡು ಹೋಗಿ.

ಬ್ಲೂ ಟಿಕ್ ಜಗಳ

"ನೋಡಿದ್ರೂ ರಿಪ್ಲೈ ಮಾಡ್ಲಿಲ್ಲ" ಅನ್ನೋ ಒಂದು ವಾಕ್ಯದಿಂದ ಎಷ್ಟು ಸ್ನೇಹ ಹಾಳಾಗಿದ್ಯೋ. ರೀಡ್ ರಿಸೀಟ್ಸ್ ಆಫ್ ಮಾಡ್ಬಹುದು, ಆಗ ನಿಮ್ಗೂ ಬೇರೆಯವ್ರದ್ದು ಕಾಣಲ್ಲ. ಗ್ರೂಪಲ್ಲಿ ಅದು ಕೆಲ್ಸ ಮಾಡಲ್ಲ, ವಾಯ್ಸ್ ಮೆಸೇಜ್ ಕೇಳಿದ್ರೆ ಆ ನೀಲಿ ಮೈಕು ಬಂದೇ ಬರುತ್ತೆ, ಇದು ಗೊತ್ತಿಲ್ದೇ ಸಿಕ್ಕಿಹಾಕ್ಕೊಳ್ಳೋರು ಜಾಸ್ತಿ. ಲಾಸ್ಟ್ ಸೀನ್‌ನ ಕೆಲವ್ರಿಗೆ ಮಾತ್ರ ಮುಚ್ಚೋ ಆಯ್ಕೆ ಇದೆ, ಆಫೀಸಿನೋರನ್ನ ಅದ್ರಲ್ಲಿ ಹಾಕಿ, ಅಮ್ಮನ್ನ ಹಾಕ್ಬೇಡಿ. ದೂರದಲ್ಲಿರೋ ಅಮ್ಮಂದಿರಿಗೆ ಬೆಳಿಗ್ಗೆ ಲಾಸ್ಟ್ ಸೀನ್ ನೋಡಿದ್ರೇನೇ ಮಗ ಎದ್ದಿದ್ದಾನೆ ಅಂತ ಸಮಾಧಾನ, ಅದನ್ನೂ ಮುಚ್ಚಿದ್ರೆ ದಿನಕ್ಕೆ ಮೂರು ಕಾಲ್ ಬರುತ್ತೆ, ಪ್ರೈವಸಿ ಹೋಗ್ಲಿ ನೆಮ್ಮದಿನೂ ಇರಲ್ಲ.

ಗ್ರೂಪ್ ಬಿಡ್ಬೇಕು ಅಂತಿದ್ರೆ ಈಗ ಎಲ್ರಿಗೂ ನೋಟಿಫಿಕೇಶನ್ ಹೋಗಲ್ಲ, ಅಡ್ಮಿನ್‌ಗೆ ಮಾತ್ರ ಹೋಗುತ್ತೆ. ನಮ್ಮಲ್ಲಿ ಅಡ್ಮಿನ್ ಸಾಮಾನ್ಯವಾಗಿ ಮಾವನೇ ಆಗಿರ್ತಾರೆ, ಸೋ ಬಿಡೋ ಬದ್ಲು ಮ್ಯೂಟ್ ಮಾಡಿ ಆರ್ಕೈವ್ ಮಾಡಿ, ವಾರಕ್ಕೊಂದ್ಸಲ ನೋಡಿ.

ಮನೇಲಿ ಫೋನ್ ಎಲ್ರ ಕೈಗೂ ಹೋಗುತ್ತೆ ಅನ್ನೋ ಪರಿಸ್ಥಿತಿ ಇದ್ರೆ ಚಾಟ್ ಲಾಕ್ ಬಳಸಿ, ಆ ಒಂದು ಚಾಟಿಗೆ ಮಾತ್ರ ಬೆರಳಚ್ಚು, ಬೇಕಾದ್ರೆ ಬೇರೆ ಸೀಕ್ರೆಟ್ ಕೋಡು ಇಟ್ಟು ಲಾಕ್ಡ್ ಚಾಟ್ಸ್ ಅನ್ನೋ ಫೋಲ್ಡರೇ ಕಾಣದಂಗೆ ಮಾಡ್ಬಹುದು. ಗಂಡನ ಮನೇಲಿ ಹಿಂಸೆ ಅನುಭವಿಸ್ತಿರೋ ಹೆಣ್ಮಗಳಿಗೆ ತವರಿನ ಜೊತೆ ಮಾತಾಡಕ್ಕೆ ಇದು ನಿಜವಾಗ್ಲೂ ಬೇಕಾಗೋ ವಿಷ್ಯ, ಬರೀ ಶೋಕಿ ಅಲ್ಲ.

ಮೋಸದೋರು ಬರೋ ದಾರಿ

ನೆಂಟರ ಹೆಸ್ರಲ್ಲೇ ಬರ್ತಾರೆ. "ಮದುವೆ ಕರೆಯೋಲೆ" ಅಂತ ಬರೋ ಫೈಲಿನ ಕೊನೇಲಿ ಎಪಿಕೆ ಅಂತಿದ್ರೆ ಅದು ಕರೆಯೋಲೆ ಅಲ್ಲ, ಆಪು, ಇನ್‌ಸ್ಟಾಲ್ ಮಾಡಿದ್ರೆ ಎಸ್‌ಎಂಎಸ್ ಓದಿ ಬ್ಯಾಂಕ್ ಖಾಲಿ ಮಾಡುತ್ತೆ. ಟ್ರಾಫಿಕ್ ಚಲನ್ ಹೆಸ್ರಲ್ಲೂ ಬರುತ್ತೆ. ಕರೆಯೋಲೆ ಪಿಡಿಎಫೋ ಫೋಟೋನೋ ವಿಡಿಯೋನೋ ಆಗಿರುತ್ತೆ, ಬೇರೆ ಏನೂ ಆಗಿರಲ್ಲ ಅಂತ ಅಪ್ಪಂಗೆ ಇಷ್ಟೇ ಹೇಳ್ಕೊಡಿ. ಯಾರಾದ್ರೂ ಸ್ಟಾರ್ 21 ಸ್ಟಾರ್ ಅಂತ ಶುರುವಾಗೋ ನಂಬರ್ ಡಯಲ್ ಮಾಡಿ ಅಂದ್ರೆ ಮಾಡ್ಬಾರ್ದು, ಅದು ಎಲ್ಲಾ ಕಾಲನ್ನೂ ಇನ್ನೊಂದು ನಂಬರಿಗೆ ತಿರುಗಿಸೋ ಕೋಡು, ಓಟಿಪಿ ಹೇಳೋ ಕಾಲೂ ಅಲ್ಲಿಗೇ ಹೋಗುತ್ತೆ. ಮಾಡ್ಬಿಟ್ಟಿದ್ರೆ ##002# ಡಯಲ್ ಮಾಡಿದ್ರೆ ಕ್ಯಾನ್ಸಲ್ ಆಗುತ್ತೆ.

ತಮ್ಮನ ದನೀಲೇ ಕಾಲ್ ಬಂದು "ಆಕ್ಸಿಡೆಂಟ್ ಆಗಿದೆ, ದುಡ್ಡು ಕಳ್ಸು" ಅನ್ನೋ ಕಾಲ ಇದು, ದನಿ ನಕಲು ಮಾಡೋದು ಈಗ ಕಷ್ಟ ಏನಿಲ್ಲ. ಮನೆಯವ್ರೆಲ್ಲ ಸೇರಿ ಒಂದು ಪ್ರಶ್ನೆ ಇಟ್ಕೊಳ್ಳಿ, ಉತ್ರ ಎಲ್ಲೂ ಬರ್ದಿರ್ಬಾರ್ದು, ಅಜ್ಜಿ ಮನೇಲಿದ್ದ ಹಾಯೋ ಎಮ್ಮೆ ಹೆಸ್ರೇನು ಅನ್ನೋ ಥರದ್ದು. ಯಾವ ಎಐಗೂ ಆ ಎಮ್ಮೆ ಗೊತ್ತಿಲ್ಲ. ದುಡ್ಡು ಹೋಗೇ ಬಿಟ್ರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ಮಟ್ಟಿಗೆ ದುಡ್ಡು ತಡೆಹಿಡಿಯೋ ಸಾಧ್ಯತೆ, ಬೈತಾರೆ ಅಂತ ಮನೇಲಿ ಮುಚ್ಚಿಟ್ಟು ಎರಡು ದಿನ ಬಿಟ್ಟು ಹೇಳಿದ್ರೆ ಆ ಹೊತ್ತಿಗೆ ಅದು ಎಷ್ಟೋ ಅಕೌಂಟ್ ದಾಟಿರುತ್ತೆ.

ಗಲ್ಫ್‌ನಲ್ಲಿರೋರು, ಸಿಮ್ ಬದ್ಲಾಯಿಸೋರು

ಮಂಗಳೂರು, ಉಡುಪಿ, ಭಟ್ಕಳ ಕಡೆ ಮನೆಗಳಲ್ಲಿ ಇದು ದಿನದ ಸಮಸ್ಯೆ, ಯುಎಇಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕಾಲ್ ಮಾತ್ರ ಹೋಗಲ್ಲ, ಅಲ್ಲಿನ ಟೆಲಿಕಾಂ ನಿಯಮ ಹಂಗಿದೆ. ಬಾಟಿಮ್ ಥರದ ಅನುಮತಿ ಇರೋ ಆಪಲ್ಲಿ ಮಾತಾಡ್ತಾರೆ. ಮಾತಾಡಿ, ಮಗು ಮುಖ ನೋಡಿ, ಅಮ್ಮನ ಆರೋಗ್ಯ ಕೇಳಿ, ಆದ್ರೆ ಸಂಬಳ, ವೀಸಾ, ಪಾಸ್‌ಪೋರ್ಟ್ ಕಾಪಿ ಇಂಥದ್ದನ್ನೆಲ್ಲ ಅಲ್ಲಿ ಹಾಕ್ಬೇಡಿ, ಎಂಡ್ ಟು ಎಂಡ್ ಇರೋ ಮೆಸೇಜಲ್ಲೇ ಕಳ್ಸಿ. ಅಲ್ಲಿಗೆ ಹೊರಡೋ ಮುಂಚೆ ಇಲ್ಲೇ ಕೂತು ಎಲ್ರ ಫೋನಲ್ಲೂ ಎರಡೂ ಸೆಟ್ ಮಾಡಿ ಒಂದು ಟೆಸ್ಟ್ ಕಾಲ್ ಮಾಡ್ಬಿಡಿ.

ವಿದೇಶಕ್ಕೆ ಹೋದ್ಮೇಲೆ ಇಲ್ಲಿನ ಸಿಮ್‌ಗೆ ರೀಚಾರ್ಜ್ ಮಾಡದೇ ಬಿಡೋರು ಬಹಳ. ನಂಬರ್ ಡಿಸ್‌ಕನೆಕ್ಟ್ ಆಗಿ 90 ದಿನ ಕಳೆದ್ಮೇಲೆ ಕಂಪನಿಯವ್ರು ಅದನ್ನ ಬೇರೆಯವ್ರಿಗೆ ಕೊಡ್ಬಹುದು, ಆ ಹೊಸಬ್ರು ವಾಟ್ಸಾಪ್ ಹಾಕಿದ್ರೆ ನಿಮ್ಮ ಹಳೇ ಚಾಟ್ ಅವ್ರಿಗೆ ಸಿಗಲ್ಲ, ಆದ್ರೆ ಚಿಕ್ಕಮ್ಮ ಆ ನಂಬರಿಗೇ "ಪುಟ್ಟಾ, ಆ ಎಫ್‌ಡಿ ವಿಷ್ಯ ಏನಾಯ್ತು" ಅಂತ ಕಳಿಸ್ತಿರ್ತಾರೆ. ಬ್ಯಾಂಕಿನ ಓಟಿಪಿನೂ ಅಲ್ಲಿಗೇ. ಹಳೇ ಸಿಮ್ ಜೀವಂತ ಇರೋವಾಗ್ಲೇ ಅಕೌಂಟ್ ಸೆಟ್ಟಿಂಗಲ್ಲಿರೋ ಚೇಂಜ್ ನಂಬರ್ ಬಳಸಿ, ಕಾಂಟ್ಯಾಕ್ಟ್‌ಗಳಿಗೆ ತಿಳಿಸೋ ಆಯ್ಕೆ ಅಲ್ಲೇ ಬರುತ್ತೆ, ಚಾಟು ಗ್ರೂಪು ಎಲ್ಲ ಹೊಸ ನಂಬರಿಗೆ ಬರುತ್ತೆ. ಇಲ್ಲಾ ಹಳೇ ನಂಬರೇ ಬೇಕು ಅಂದ್ರೆ ಊರಲ್ಲಿರೋ ತಮ್ಮಂಗೆ ಹೇಳಿ ರೀಚಾರ್ಜ್ ಮುಗಿಯೋ ಮುಂಚೆ ಮಾಡಿಸ್ತಿರಿ, ವಾಟ್ಸಾಪ್ ಅಕೌಂಟನ್ನೂ ಆಗಾಗ ಓಪನ್ ಮಾಡ್ತಿರಿ, 120 ದಿನ ಮುಟ್ಟದೇ ಬಿಟ್ರೆ ಅವ್ರೇ ಡಿಲೀಟ್ ಮಾಡ್ತಾರೆ.